ಕಾರೆಲ್ ಪೊಬೊರ್‌ಸ್ಕಿ: ಆ ಒಂದು ಗೋಲಿನ ಆಚೆಗೆ

ಜೆಕ್ ವಿಂಗರ್ (ಮೈದಾನದ ಅಂಚಿನಲ್ಲಿ ಆಡುವ ಆಟಗಾರ) ಕಾರೆಲ್ ಪೊಬೊರ್‌ಸ್ಕಿಯ ಹೆಸರೆತ್ತಿದರೆ ಫುಟ್‌ಬಾಲ್ ಬಲ್ಲವರು ಸಾಮಾನ್ಯವಾಗಿ ನೆನೆಯುವುದು 1996ರ ಯೂರೋ (ಯುರೋಪಿಯನ್ ಚಾಂಪಿಯನ್‌ಶಿಪ್) ಕ್ವಾರ್ಟರ್ ಫೈನಲ್‌ನಲ್ಲಿ ಪೋರ್ಚುಗಲ್ ವಿರುದ್ಧ ಅವರು ಹೊಡೆದ ಗೋಲನ್ನು. ಎದುರಾಳಿ ಡಿಫೆಂಡರುಗಳ ಗುಂಪಿನೊಳಗೆ ನುಗ್ಗಿ, ಅವರ ಕಾಲಿಗೆ ತಾಗಿ ಪುಟಿದ ಚೆಂಡು ಅದೃಷ್ಟವಶಾತ್ ತಮ್ಮ ಮುಂದೆಯೇ ಬಿದ್ದಾಗ, ಮುಂದಕ್ಕೆ ಬಂದಿದ್ದ ಗೋಲ್‌ಕೀಪರ್ ವಿತೋರ್ ಬಾಯಿಯಾ ಅವರ ತಲೆಯ ಮೇಲಿಂದ ಅದನ್ನು ಪಾದದ ತುದಿಯಲ್ಲಿ ಎತ್ತಿ ಹಾಕಿದರು. ಪಂದ್ಯ ಮುಗಿದದ್ದು ಆ ಒಂದೇ ಗೋಲಿನಲ್ಲಿ. ಫೈನಲ್‌ನಲ್ಲಿ ಜರ್ಮನಿಯ ವಿರುದ್ಧ ಜೆಕ್ ತಂಡಕ್ಕೆ ಪೆನಾಲ್ಟಿ ಸಿಕ್ಕಿದ್ದೂ ಪೊಬೊರ್‌ಸ್ಕಿಯನ್ನು ಬೀಳಿಸಿದ್ದಕ್ಕೆ, ಆದರೆ ಜರ್ಮನಿಯ ಓಲಿವರ್ ಬಿಯರ್‌ಹಾಫ್ ಅವರ ಗೋಲ್ಡನ್ ಗೋಲ್ (ಹೆಚ್ಚುವರಿ ಸಮಯದಲ್ಲಿ ಬಿದ್ದೊಡನೆ ಪಂದ್ಯ ಮುಗಿಸುವ ಗೋಲು) ಕಪ್ಪನ್ನು ಕಸಿದುಕೊಂಡಿತು.

ಆ ಬೇಸಿಗೆಯೇ ಅವರು ಸ್ಲಾವಿಯಾ ಪ್ರಾಗ್‌ನಿಂದ ಮ್ಯಾಂಚೆಸ್ಟರ್ ಯುನೈಟೆಡ್‌ಗೆ ಹೋದರು. ಸಮಯ ಮಾತ್ರ ಅನುಕೂಲವಾಗಿರಲಿಲ್ಲ: ಬಲಬದಿಯಲ್ಲಿ ಡೇವಿಡ್ ಬೆಕಮ್ ಬೇರೂರುತ್ತಿದ್ದ ವರ್ಷವದು. ಲೀಗ್ ಪದಕ ಕೈಗೆ ಬಂದರೂ ಮೈದಾನದಲ್ಲಿ ಕಾಯಂ ಜಾಗ ಸಿಗಲಿಲ್ಲ. 1998ರ ಆರಂಭದಲ್ಲಿ ಅವರು ಲಿಸ್ಬನ್‌ನ ಬೆನ್ಫಿಕಾ ಸೇರಿದರು. ಇದನ್ನು ಸೋಲೆಂದು ಬರೆಯುವವರಿದ್ದಾರೆ. ಬೆಕಮ್ ಎದುರು ಜಾಗ ಕಳೆದುಕೊಳ್ಳುವುದನ್ನು ಸೋಲೆನ್ನಲು ನನಗೆ ಮನಸ್ಸು ಬರುವುದಿಲ್ಲ.

ಇಟಲಿಯಲ್ಲಿ ರೋಮ್‌ನ ಲಾಜಿಯೋ ಕ್ಲಬ್ ಪರ ಆಡುತ್ತಿದ್ದಾಗ, 2002ರ ಮೇ 5ರಂದು, ಗೆದ್ದರೆ ಪ್ರಶಸ್ತಿ ಎಂಬ ಸ್ಥಿತಿಯಲ್ಲಿ ರೋಮ್‌ಗೆ ಬಂದಿದ್ದ ಮಿಲಾನ್‌ನ ಇಂಟರ್ ತಂಡದ ವಿರುದ್ಧ ಅವರು ಎರಡು ಗೋಲು ಹೊಡೆದರು. ಇಂಟರ್ 4–2ರಿಂದ ಸೋತಿತು, ಪ್ರಶಸ್ತಿ ಯುವೆಂಟಸ್ ಪಾಲಾಯಿತು, ಇಂಟರ್‌ನ ಬ್ರೆಜಿಲ್ ಆಟಗಾರ ರೊನಾಲ್ಡೋ ಬೆಂಚಿನಲ್ಲಿ ಕೂತು ಕಣ್ಣೀರಿಟ್ಟರು. ತಮ್ಮ ಊರಿನ ಪ್ರತಿಸ್ಪರ್ಧಿ ರೋಮಾಗೆ ಪ್ರಶಸ್ತಿ ಸಿಗಬಾರದೆಂದು ಎದುರಾಳಿಯೇ ಗೆಲ್ಲಲೆಂದು ಹಾರೈಸುತ್ತಿದ್ದ ಲಾಜಿಯೋ ಅಭಿಮಾನಿಗಳ ಮುಂದೆ ಹೀಗೆ ಆಡಿದ್ದು ತಮಾಷೆಯೂ ಹೌದು, ವೃತ್ತಿನಿಷ್ಠೆಯೂ ಹೌದು.

ಆದರೂ ರಾಷ್ಟ್ರೀಯ ತಂಡದ ಪರ 118 ಪಂದ್ಯಗಳಲ್ಲಿ ಅವರ ಗೋಲುಗಳು ಕೇವಲ 8. ಗೋಲು ಹೊಡೆಸುವುದೇ ಅವರ ನಿಜವಾದ ಕೆಲಸವಾಗಿತ್ತು ಎಂಬುದಕ್ಕೆ 2004ರ ಯೂರೋ ನೋಡಬೇಕು. ನೆದರ್‌ಲ್ಯಾಂಡ್ಸ್ ವಿರುದ್ಧ 0–2ರಿಂದ ಹಿಂದಿದ್ದ ಜೆಕ್ ತಂಡ ಸಮಬಲ ಸಾಧಿಸಿದ್ದಾಗ, 88ನೇ ನಿಮಿಷದಲ್ಲಿ ಡಚ್ ಗೋಲ್‌ಕೀಪರ್ ವಾನ್ ಡರ್ ಸಾರ್ ತಡೆದ ಚೆಂಡು ಪೊಬೊರ್‌ಸ್ಕಿಯ ಕಾಲಿಗೆ ಬಂತು. ಅವರು ತಾವೇ ಒದೆಯುವ ಆತುರ ತೋರದೆ ಪಕ್ಕಕ್ಕೆ ತಳ್ಳಿದರು, ವ್ಲಾದಿಮಿರ್ ಶ್ಮಿತ್ಸೆರ್ ಖಾಲಿ ಗೋಲಿಗೆ ಸೇರಿಸಿದರು. ಡೆನ್ಮಾರ್ಕ್ ವಿರುದ್ಧದ ಕ್ವಾರ್ಟರ್ ಫೈನಲ್‌ನಲ್ಲಿ ಯಾನ್ ಕೊಲ್ಲರ್ ತಲೆಯಿಂದ ಹೊಡೆದ ಮೊದಲ ಗೋಲಿಗೂ ಇವರದೇ ಕಾರ್ನರ್. ನನಗೆ ಆ ಎತ್ತಿ ಹಾಕಿದ ಗೋಲಿಗಿಂತ ಶ್ಮಿತ್ಸೆರ್‌ಗೆ ಕೊಟ್ಟ ಪಾಸೇ ಹೆಚ್ಚು ಇಷ್ಟ.

ಸ್ಪಾರ್ಟಾ ಪ್ರಾಗ್‌ನಲ್ಲಿ ಕೆಲವು ವರ್ಷ ಆಡಿದ ಮೇಲೆ ಅವರು ತಾವು ಆಟ ಆರಂಭಿಸಿದ್ದ ಚೆಸ್ಕೆ ಬುದೆಯೊವಿತ್ಸೆಯ ಕ್ಲಬ್‌ಗೆ ಮರಳಿದರು. 2006ರ ವಿಶ್ವಕಪ್ಪಿನ ನಂತರ ರಾಷ್ಟ್ರೀಯ ತಂಡವನ್ನೂ 2007ರಲ್ಲಿ ಕ್ಲಬ್ ಫುಟ್‌ಬಾಲನ್ನೂ ಬಿಟ್ಟರು.