ಎಡಗಾಲಿನ ಕೆಲಸ

ಕಾರಿಗೆ ಪಿಕಪ್ ಇಲ್ಲ ಅಂತ ಒಂದು ತಿಂಗಳು ಬೈದುಕೊಂಡೇ ಓಡಿಸಿದೆ. ಏರ್ ಫಿಲ್ಟರ್ ಬದಲಾಯಿಸಿದೆ. ಪೆಟ್ರೋಲ್ ಸರಿಯಿಲ್ಲ ಅಂತ ಗೊಣಗಿದೆ. ಗೇರ್ ಸಲೀಸಾಗಿ ಬೀಳುತ್ತಿದ್ದರಿಂದ ಕ್ಲಚ್ ಮೇಲೆ ಅನುಮಾನವೇ ಬರಲಿಲ್ಲ.

ಒಂದು ಭಾನುವಾರ ಕಾರು ತೆಗೆದುಕೊಂಡು ಹೋದ ತಮ್ಮ ಹತ್ತೇ ನಿಮಿಷಕ್ಕೆ ವಾಪಸ್ ಬಂದ. "ಅಣ್ಣಾ, ಕ್ಲಚ್ ಎಷ್ಟು ಮೇಲೆ ಹಿಡಿಯುತ್ತೆ ನೋಡಿದೀಯಾ? ಕಾಲು ಪೂರ್ತಿ ಎತ್ತೋವರೆಗೂ ಗಾಡಿ ಅಲ್ಲಾಡಲ್ಲ."

ನನಗೆ ಹಾಗೇನೂ ಅನ್ನಿಸಿರಲಿಲ್ಲ. ಇಂಜಿನ್ನಿನ ಶಕ್ತಿಯನ್ನು ಗೇರ್ ಬಾಕ್ಸಿಗೆ ದಾಟಿಸುವ ಕ್ಲಚ್ ಪ್ಲೇಟ್ ಒಂದೇ ದಿನ ಸವೆದಿದ್ದರೆ ಗೊತ್ತಾಗುತ್ತಿತ್ತು. ಅದು ಚೂರುಚೂರೇ ಸವೆಯಿತು, ನನ್ನ ಕಾಲೂ ಚೂರುಚೂರೇ ಹೊಂದಿಕೊಂಡಿತು.

ಇಬ್ಬರೂ ಕೂತು ಏರು ರಸ್ತೆಗೆ ಹೋದೆವು. ನಾಲ್ಕನೇ ಗೇರ್‌ನಲ್ಲಿ ಆಕ್ಸಿಲರೇಟರ್ ಒತ್ತಿದೆ. ಇಂಜಿನ್ ನಿಮಿಷಕ್ಕೆ ಎಷ್ಟು ಸುತ್ತುತ್ತದೆ ಅಂತ ತೋರಿಸುವ ಆರ್‌ಪಿಎಂ ಮುಳ್ಳು 2,000ದಿಂದ 3,500ಕ್ಕೆ ಜಿಗಿಯಿತು. ಸ್ಪೀಡ್ ಮಾತ್ರ 50 ದಾಟಲಿಲ್ಲ. ಇಂಜಿನ್ ಅರಚುತ್ತಿದೆ, ಗಾಡಿ ಏರುತ್ತಿಲ್ಲ! ಸ್ವಲ್ಪ ಹೊತ್ತಿಗೆ ಸುಟ್ಟ ವಾಸನೆ ಬಂತು, ಗಂಟಲು ಹಿಡಿಯುವಂಥದ್ದು. ವಾಸನೆ ಹೊಸದೇನಲ್ಲ. ಟ್ರಾಫಿಕ್‌ನಲ್ಲಿ ಬಂದಾಗಲೆಲ್ಲ ಮುಂದಿನ ಲಾರಿಯದು ಅಂದುಕೊಂಡು ಗಾಜು ಏರಿಸಿದ್ದೆ.

ಕೆಳಗಿಳಿದು, ಮುಂದೆ ಯಾರೂ ಇಲ್ಲದ ಸಮತಟ್ಟು ಜಾಗ ನೋಡಿ ಹ್ಯಾಂಡ್ ಬ್ರೇಕ್ ಗಟ್ಟಿಯಾಗಿ ಎಳೆದೆ. ನಾಲ್ಕನೇ ಗೇರ್ ಹಾಕಿ ಕ್ಲಚ್ ನಿಧಾನಕ್ಕೆ ಬಿಟ್ಟೆ. ಕ್ಲಚ್ ಚೆನ್ನಾಗಿದ್ದರೆ ಇಂಜಿನ್ ಗಕ್ಕನೆ ನಿಲ್ಲಬೇಕು. ನನ್ನದು ಕಾಲು ಪೂರ್ತಿ ತೆಗೆದರೂ ಆರಾಮಾಗಿ ಓಡುತ್ತಿತ್ತು. ಈ ಪರೀಕ್ಷೆ ಒಂದು ಸಲ ಸಾಕು, ಸುಮ್ನೆ ಪದೇ ಪದೇ ಮಾಡಿದರೆ ಉಳಿದ ಪ್ಲೇಟೂ ಸುಡುತ್ತದೆ.

ಮೆಕ್ಯಾನಿಕ್‌ಗೆ ಇಷ್ಟು ಹೇಳಿದ್ದೇ ಸಾಕಾಯಿತು. "ಗೇರ್ ಗರಗರ ಅಂದ್ರೆ ಕ್ಲಚ್ ಬಿಡ್ತಿಲ್ಲ ಅಂತ ಸಾರ್, ಆಗ ಕೇಬಲ್ಲೋ ಆಯಿಲ್ಲೋ ನೋಡಬೇಕು. ನಿಮ್ಮದು ಹಿಡೀತಿಲ್ಲ. ಪ್ಲೇಟ್ ಹೋಗಿದೆ." ಗೇರ್ ಬಾಕ್ಸ್ ಇಳಿಸಿ ತೋರಿಸಿದರು. ಪ್ಲೇಟಿನ ರಿವೆಟ್‌ಗಳು ಮೇಲಕ್ಕೇ ಬಂದಿದ್ದವು. ಪ್ಲೇಟ್ ಅಂಟಿಕೊಂಡು ತಿರುಗುವ ಇಂಜಿನ್ ಚಕ್ರ, ಅಂದರೆ ಫ್ಲೈವೀಲ್ ಮೇಲೆ ಅಲ್ಲಲ್ಲಿ ನೀಲಿ ಕಲೆ, ಕಾದು ಕಾದು ಆಗಿದ್ದು. ಕ್ಲಚ್ ಪ್ಲೇಟನ್ನು ಅದುಮಿ ಹಿಡಿಯುವ ಪ್ರೆಷರ್ ಪ್ಲೇಟ್, ಪೆಡಲ್ ಒತ್ತಿದಾಗ ಅದನ್ನು ಬಿಡಿಸುವ ಬೇರಿಂಗ್ ಎಲ್ಲ ಸೇರಿಸಿಯೇ ಬದಲಾಯಿಸಲು ಹೇಳಿದೆ. ಅದೊಂದು ಬೇರಿಂಗ್‌ಗಾಗಿ ಆಮೇಲೆ ಮತ್ತೆ ಗೇರ್ ಬಾಕ್ಸ್ ಇಳಿಸುವ ಗೋಳು ಯಾರಿಗೆ ಬೇಕು?

"ಕ್ಲಚ್ ಮೇಲೆ ಕಾಲಿಟ್ಟುಕೊಂಡೇ ಓಡಿಸ್ತೀರಾ ಸಾರ್?"

"ಇಲ್ಲಪ್ಪಾ" ಅಂದೆ, ಸ್ವಲ್ಪ ಜೋರಾಗಿಯೇ.

ಅವರು ಮಾತಾಡಲಿಲ್ಲ. ಡ್ರೈವರ್ ಬಾಗಿಲು ತೆಗೆದು ಟಾರ್ಚ್ ಬಿಟ್ಟರು. ಬ್ರೇಕ್ ಪೆಡಲ್‌ನ ರಬ್ಬರಿನಲ್ಲಿ ಗೆರೆಗಳು ಹಾಗೇ ಇದ್ದವು. ಕ್ಲಚ್‌ನದು ನುಣ್ಣಗಾಗಿ ಹೊಳೆಯುತ್ತಿತ್ತು.

ಮೂರನೇ ದಿನ ಗಾಡಿ ಸಿಕ್ಕಿತು. ಕ್ಲಚ್ ಈಗ ಕೆಳಗೇ ಹಿಡಿಯುತ್ತದೆ, ನನ್ನ ಕಾಲು ಇನ್ನೂ ಮೇಲೆ ಹುಡುಕುತ್ತದೆ. ಗ್ಯಾರೇಜ್ ಗೇಟಿನಲ್ಲೇ ಎರಡು ಸಲ ಆಫ್ ಮಾಡಿಕೊಂಡೆ. ಪಕ್ಕದಲ್ಲಿದ್ದ ತಮ್ಮ ಕಿಟಕಿಯಾಚೆ ನೋಡುತ್ತಾ ನಗುತ್ತಿದ್ದ.