ಅಪ್ಪನ ಬುತ್ತಿಯಲ್ಲಿ ಬಂದ ರಶೀದಿ

ಕಳೆದ ವಾರ ಅಪ್ಪನ ತಗಡಿನ ಟ್ರಂಕು ತೆಗೆದೆ. ತಳದಲ್ಲಿ, ಪಿಎಫ್ ಕಾಗದಗಳ ಅಡಿಗೆ, ಯೂನಿಯನ್ ಚಂದಾ ರಶೀದಿ ಹನ್ನೊಂದು ಸಿಕ್ಕವು. ಹೆಚ್ಚಿನವು ನಾಲ್ಕು ಮಡಿಕೆ ಮಾಡಿದ ಕಾಗದ, ಮಡಿಕೆಯ ಉದ್ದಕ್ಕೂ ಎಣ್ಣೆ ಕಲೆ. ಆ ಕಲೆ ಹೇಗೆ ಬಂತು ಅಂತ ನನಗೆ ಗೊತ್ತು. ಅಪ್ಪ ದಾವಣಗೆರೆಯ ಒಂದು ಬಟ್ಟೆ ಮಿಲ್ಲಿನಲ್ಲಿ ನೂಲುವ ಕೆಲಸಕ್ಕಿದ್ದರು. ಮೊದಮೊದಲು ಯೂನಿಯನ್ ಸೇರಿದ್ದು ಗೊತ್ತಾದರೆ ಮಾರನೇ ದಿನ ಗೇಟಿನ ಹೊರಗೆ. ಜೇಬು ತಡಕುತ್ತಿದ್ದರು. ಅದಕ್ಕೇ ಅಪ್ಪ ಮಧ್ಯಾಹ್ನದ ಊಟದಲ್ಲಿ ಒಂದು ರೊಟ್ಟಿ ಬೇಕಂತಲೇ ಉಳಿಸಿ, ಅದರ ಕೆಳಗೆ ರಶೀದಿ ಇಟ್ಟು ತರುತ್ತಿದ್ದರು. ಶೇಂಗಾ ಚಟ್ನಿಯ ಎಣ್ಣೆ ಕಾಗದಕ್ಕೆ ಹತ್ತುತ್ತಿತ್ತು. ಆ ರೊಟ್ಟಿಯನ್ನು ಅವ್ವ ನನಗೆ ಕೊಡುತ್ತಿದ್ದಳು.

ತಮ್ಮನ ಮಗ ಪಕ್ಕದಲ್ಲೇ ಕೂತಿದ್ದ. "ದೊಡ್ಡಪ್ಪಾ, ಇದೂ ಫ್ರೀಮೇಸನ್ ಥರ ಗುಪ್ತ ಸಂಘಾನಾ? ಕಮ್ಯುನಿಸ್ಟರನ್ನ ಹುಟ್ಟುಹಾಕಿದ್ದೇ ಅವರಂತೆ, ವಿಡಿಯೋದಲ್ಲಿ ನೋಡಿದೆ" ಅಂದ. ಬೇಜಾರಾಯಿತು. ಅವತ್ತು ಅವನಿಗೆ ಹೇಳಿದ್ದನ್ನೇ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ನಮ್ಮ ದುರ್ಗದ ಕೋಟೆ ಕಟ್ಟಿದಂಥ ಕಲ್ಲುಕುಟಿಗರು ಯುರೋಪಿನಲ್ಲೂ ಇದ್ದರು. ಅವರ ಕಸುಬಿನ ಸಂಘಗಳ ಹೆಸರು, ಗುರುತು, ಆಚಾರಗಳನ್ನು ಆಮೇಲೆ ಕಲ್ಲು ಮುಟ್ಟದ ಶ್ರೀಮಂತರು, ವಕೀಲರು ಎತ್ತಿಕೊಂಡರು. ಇವರೇ ಫ್ರೀಮೇಸನ್ನರು, ಇವರ ಶಾಖೆಗೆ ಲಾಡ್ಜ್ ಅಂತ ಹೆಸರು. 1717ರಲ್ಲಿ ಲಂಡನ್ನಿನಲ್ಲಿ ಅವುಗಳ ಒಕ್ಕೂಟವಾಗಿ ಗ್ರ್ಯಾಂಡ್ ಲಾಡ್ಜ್ ಆಯಿತು. ಫ್ರಾನ್ಸಿನ ಕ್ರಾಂತಿ ಆದಾಗ ಬಾರ್ಯುಯೆಲ್ ಅನ್ನೋ ಪಾದ್ರಿ, ಇದೆಲ್ಲ ಫ್ರೀಮೇಸನ್ನರ ಪಿತೂರಿ ಅಂತ 1797ರಲ್ಲಿ ಪುಸ್ತಕ ಬರೆದರು. ಹುಡುಗ ನೋಡಿದ ವಿಡಿಯೋದ ಬೇರು ಅಲ್ಲಿದೆ. ರೊಟ್ಟಿ ತುಟ್ಟಿಯಾಗಿ ಜನ ಬೀದಿಗೆ ಬಂದರು ಅಂತ ಒಪ್ಪಿಕೊಳ್ಳುವುದಕ್ಕಿಂತ, ಯಾರೋ ಕತ್ತಲಲ್ಲಿ ಕೂತು ಮಾಡಿಸಿದರು ಅನ್ನುವುದು ಸುಲಭ, ಅಲ್ವಾ?

ಮಾರ್ಕ್ಸ್, ಎಂಗೆಲ್ಸ್ ಕಾಲದಲ್ಲಿ ಕೂಲಿಕಾರರ ಗುಪ್ತ ಸಂಘಗಳು ಇದ್ದದ್ದು ನಿಜ. ಪ್ಯಾರಿಸ್ಸಿನಲ್ಲಿದ್ದ ಜರ್ಮನ್ ದರ್ಜಿಗಳು, ಬಡಗಿಗಳು ಕಟ್ಟಿಕೊಂಡ 'ನ್ಯಾಯವಂತರ ಕೂಟ' ಅಂಥದ್ದೇ. ಅಧಿಕಾರಕ್ಕೆ ಕುರುಡಾಗಿ ಅಡ್ಡಬೀಳಿಸುವ ನಿಯಮಗಳನ್ನೆಲ್ಲ ಕಿತ್ತುಹಾಕಿದರೆ ಮಾತ್ರ ಸೇರುತ್ತೇವೆ ಅಂತ ಇವರಿಬ್ಬರೂ ಷರತ್ತು ಹಾಕಿದ್ದರು. 1847ರಲ್ಲಿ ಅದು ಕಮ್ಯುನಿಸ್ಟ್ ಲೀಗ್ ಆಯಿತು. 'ಮನುಷ್ಯರೆಲ್ಲ ಅಣ್ಣತಮ್ಮಂದಿರು' ಅನ್ನೋ ಹಳೆಯ ಘೋಷಣೆ ಹೋಗಿ, ಎಲ್ಲ ದೇಶಗಳ ಕಾರ್ಮಿಕರೇ ಒಂದಾಗಿ ಅನ್ನೋದು ಬಂತು. ಪದಾಧಿಕಾರಿಗಳನ್ನು ಸದಸ್ಯರೇ ಆರಿಸಬೇಕು, ಬೇಡವಾದರೆ ಇಳಿಸಬೇಕು ಅಂತ ನಿಯಮವಾಯಿತು. ಇಷ್ಟರಿಂದಲೇ ಪಿತೂರಿಯ ಗೀಳಿಗೆ ಬಾಗಿಲು ಮುಚ್ಚಿತು ಅಂತ ಎಂಗೆಲ್ಸ್ ಮುಂದೆ ಬರೆದರು. ಅವರಿಬ್ಬರೂ ಬರೆದ 1848ರ ಕಮ್ಯುನಿಸ್ಟ್ ಪ್ರಣಾಳಿಕೆಯಂತೂ ನಮ್ಮ ಉದ್ದೇಶ ಮುಚ್ಚಿಡುವುದಿಲ್ಲ ಅಂತ ನೇರವಾಗಿ ಹೇಳುತ್ತದೆ.

1850ರಲ್ಲಿ ಅವರಿಬ್ಬರೂ ಪಿತೂರಿಯನ್ನೇ ಕಸುಬು ಮಾಡಿಕೊಂಡವರ ಬಗ್ಗೆ ಬರೆದರು. ಕಬ್ಬಿಣವನ್ನು ಚಿನ್ನ ಮಾಡುತ್ತೇವೆ ಅನ್ನುವವರ ಹಾಗೆ ಇವರು ಕ್ರಾಂತಿಯ ರಸವಿದ್ಯೆಯವರು ಅಂದರು. ಇದಕ್ಕೆ ನೆಪವಾದದ್ದು ಇಬ್ಬರ ಪುಸ್ತಕಗಳು. ಅವರಲ್ಲೊಬ್ಬ ದ ಲಾ ಓಡ್, ಪ್ಯಾರಿಸ್ಸಿನ ಗುಪ್ತ ಸಂಘಗಳಲ್ಲಿ ಮೇಲಿನ ಸ್ಥಾನದಲ್ಲಿದ್ದವನು. ವರ್ಷಗಟ್ಟಲೆ ಪೊಲೀಸರ ಸಂಬಳ ತಿನ್ನುತ್ತಿದ್ದ. ಬಾಗಿಲು ಮುಚ್ಚಿದ ಕೋಣೆಯಲ್ಲಿ ಅವನನ್ನು ಪ್ರಶ್ನೆ ಮಾಡುವವರಾದರೂ ಯಾರು? 1871ರ ಲಂಡನ್ ಸಭೆಯಲ್ಲಿ ಹಲವು ದೇಶಗಳ ಕಾರ್ಮಿಕರ ಸಂಘಟನೆಯಾದ ಇಂಟರ್‌ನ್ಯಾಷನಲ್ ಗುಪ್ತ ಸಂಘಗಳನ್ನು ಹೊರಗಿಟ್ಟಿತು. ಮಾರನೇ ವರ್ಷ ರಷ್ಯಾದ ಅರಾಜಕತಾವಾದಿ ಬಕೂನಿನ್ ಅವರನ್ನು ಹೊರಹಾಕಿದಾಗಲೂ ಒಳಗೊಂದು ಗುಪ್ತ ಕೂಟ ಕಟ್ಟಿದರು ಅನ್ನೋದು ಮುಖ್ಯ ಆರೋಪ.

ಟ್ರಾಟ್‌ಸ್ಕಿ ಕಥೆ ನನಗೆ ಬಹಳ ಇಷ್ಟ. ಮುಂದೆ ರಷ್ಯಾದ ಕ್ರಾಂತಿಯ ಮುಂದಾಳಾದವರು, ಆಗ ಹತ್ತೊಂಬತ್ತರ ಹುಡುಗ, ಒಡೆಸಾ ಜೈಲಿನಲ್ಲಿದ್ದರು. ಅಲ್ಲಿ ಓದಲು ಸಿಗುತ್ತಿದ್ದದ್ದು ಜಾಸ್ತಿ ಧಾರ್ಮಿಕ ಪತ್ರಿಕೆಗಳು, ಅವುಗಳ ತುಂಬ ಫ್ರೀಮೇಸನ್ನರ ನಿಂದೆ. ಇವರು ಬೈಗುಳ ಬಿಟ್ಟು ಪ್ರಶ್ನೆ ಹಿಡಿದರು. ವ್ಯಾಪಾರಿಗಳು, ಬ್ಯಾಂಕಿನವರು, ವಕೀಲರು ಯಾಕೆ ತಮ್ಮನ್ನು ಕಲ್ಲುಕುಟಿಗರು ಅಂತ ಕರೆದುಕೊಂಡರು? ಸಾವಿರ ಪುಟದ ನೋಟ್‌ಬುಕ್ಕಿನಲ್ಲಿ ಸಣ್ಣ ಅಕ್ಷರದಲ್ಲಿ ಬರೆದುಕೊಂಡರು. ಅದು ಮುಂದೆ ಕಳೆದುಹೋಯಿತು. 1922ರಲ್ಲಿ ಎಲ್ಲ ದೇಶಗಳ ಕಮ್ಯುನಿಸ್ಟ್ ಪಕ್ಷಗಳ ಒಕ್ಕೂಟವಾದ ಕಾಮಿಂಟರ್ನ್, ಫ್ರೆಂಚ್ ಕಮ್ಯುನಿಸ್ಟರು ಲಾಡ್ಜ್ ಬಿಡಲೇಬೇಕು ಅಂತ ಕಟ್ಟಪ್ಪಣೆ ಮಾಡಿದಾಗ ಅದರ ಹಿಂದೆ ನಿಂತವರು ಇದೇ ಟ್ರಾಟ್‌ಸ್ಕಿ. ಕೂಲಿಕಾರರ ಮುಖಂಡ ಸಂಜೆ ಮಾಲೀಕರ ಜೊತೆ ಸಹೋದರನಾಗಿ ಕೂತರೆ ಬೆಳಿಗ್ಗೆ ಅವರ ಎದುರು ನಿಲ್ಲುವುದು ಹೇಗೆ? ಈ ವಾದ ನನಗೂ ಸರಿ ಕಾಣುತ್ತದೆ.

ಆದರೆ ಇಟಲಿಯ ಕಮ್ಯುನಿಸ್ಟ್ ನಾಯಕ ಗ್ರಾಮ್ಶಿ ಇನ್ನೂ ಮುಂದೆ ನೋಡಿದರು. ಮುಸೊಲಿನಿ ಗುಪ್ತ ಸಂಘಗಳ ವಿರುದ್ಧ ಮಸೂದೆ ತಂದಾಗ, 1925ರ ಮೇ 16ರಂದು ಅವರು ಇಟಲಿಯ ಸಂಸತ್ತಿನಲ್ಲಿ ಎದ್ದು ನಿಂತರು. ಅಲ್ಲಿ ಅವರು ಮಾಡಿದ ಭಾಷಣ ಅದೊಂದೇ. ಫ್ಯಾಸಿಸ್ಟರು ಮಧ್ಯೆ ಮಧ್ಯೆ ಕೂಗಾಡುತ್ತಿದ್ದರು. ಬಹುಕಾಲ ಇಟಲಿಯ ಬಂಡವಾಳಗಾರರಿಗೆ ನಿಜವಾದ ಪಕ್ಷ ಅಂತ ಇದ್ದದ್ದು ಫ್ರೀಮೇಸನ್ರಿಯೇ ಅಂದರು. ಅಂದರೆ ಅದರ ಮೇಲೆ ಅವರಿಗೆ ಪ್ರೀತಿ ಇರಲಿಲ್ಲ. ಆದರೂ ಮಸೂದೆಯನ್ನು ವಿರೋಧಿಸಿದರು. ಹೆಸರು ಫ್ರೀಮೇಸನ್ನರದ್ದು, ಏಟು ಬೀಳುವುದು ಕೂಲಿಕಾರರ, ರೈತರ ಸಂಘಗಳಿಗೆ ಅಂದರು. ಮಾರನೇ ವರ್ಷ ನವೆಂಬರಿನಲ್ಲಿ ಅವರೇ ಜೈಲು ಸೇರಿದರು. 1940ರಲ್ಲಿ ಸ್ಪೇನಿನ ಫ್ರಾಂಕೊ ಫ್ರೀಮೇಸನ್ನರನ್ನೂ ಕಮ್ಯುನಿಸ್ಟರನ್ನೂ ಸೇರಿಸಿ ಹತ್ತಿಕ್ಕಲು ಒಂದೇ ಕಾನೂನು ತಂದರು.

"ಹಂಗಾರೆ ತಾತ ಯಾಕೆ ಬಚ್ಚಿಟ್ಟರು?" ಹುಡುಗ ಬಿಡಲಿಲ್ಲ. ಬಚ್ಚಿಡುವ ಹಾಗೆ ಮಾಡಿದ್ದು ಗೇಟಿನಲ್ಲಿ ಜೇಬು ತಡಕಿದವರು, ಕಣೋ. ಯೂನಿಯನ್ನಿನಲ್ಲಿ ಗುಟ್ಟಿನ ಕೈಕುಲುಕು ಇರಲಿಲ್ಲ, ಪ್ರಮಾಣ ಇರಲಿಲ್ಲ. ಲೆಕ್ಕವನ್ನು ಸಭೆಯಲ್ಲಿ ಎಲ್ಲರ ಎದುರು ಓದುತ್ತಿದ್ದರು. ಆಮೇಲೆ ಕಾರ್ಮಿಕರ ಬಲ ಬೆಳೆಯಿತು. ಇದೇ ಊರಿನಿಂದ ಸಿಪಿಐನ ಪಂಪಾಪತಿ ಶಾಸಕರಾದರು.

ಹನ್ನೊಂದರಲ್ಲಿ ಎಣ್ಣೆ ಕಲೆ ಇರುವುದು ಏಳಕ್ಕೆ. ಉಳಿದ ನಾಲ್ಕು ರಶೀದಿ ಒಂದೇ ಮಡಿಕೆ, ತುದಿ ಮಾತ್ರ ಬಿಸಿಲಿಗೆ ಹಳದಿಯಾಗಿದೆ. ಯೂನಿಯನ್ನಿಗೆ ಮಾನ್ಯತೆ ಸಿಕ್ಕ ಮೇಲಿನವು ಅವು. ಅಪ್ಪ ಅವನ್ನು ಅಂಗಿಯ ಮೇಲಿನ ಜೇಬಿನಲ್ಲಿ, ತುದಿ ಕಾಣುವ ಹಾಗೆ ಇಟ್ಟುಕೊಂಡು ಗೇಟು ದಾಟುತ್ತಿದ್ದರು.