ರೂಟರಿಗೆ ಡಿಸ್ಕ್ ಸಿಕ್ಕಿಸಿದ ಭಾನುವಾರ

ಡೊಂಬಿವಲಿ ಪೂರ್ವ
14 ಜುಲೈ 2024, ಭಾನುವಾರ

ಮಾವನವರ ತಾಳಮದ್ದಳೆ ಧ್ವನಿಮುದ್ರಣಗಳೆಲ್ಲ ನನ್ನ ಲ್ಯಾಪ್‌ಟಾಪಿನಲ್ಲಿ, ಅವರಿಗೆ ಕೇಳಬೇಕೆನಿಸುವುದು ಹಾಲಿನ ಟಿ.ವಿ.ಯಲ್ಲಿ. ಹೆಂಡತಿಯ ಟ್ಯೂಷನ್ ಪ್ರಶ್ನೆಪತ್ರಿಕೆಗಳು ಅವಳ ಲ್ಯಾಪ್‌ಟಾಪಿನಲ್ಲಿ, ಪ್ರಿಂಟ್ ಹೊಡೆಯುವುದು ಮಗಳ ಫೋನಿನಿಂದ. ಫ್ಲ್ಯಾಟಿನ ಅಗ್ರಿಮೆಂಟು, ಸೊಸೈಟಿಯ ಶೇರ್ ಸರ್ಟಿಫಿಕೇಟು, ಎಲ್ಲರ ಆಧಾರ್, ಪ್ಯಾನ್ ಸ್ಕ್ಯಾನುಗಳು ಯಾರ ವಾಟ್ಸಾಪಿನ ಯಾವ ಮೂಲೆಯಲ್ಲಿವೆಯೋ ದೇವರೇ ಬಲ್ಲ. ಇದಕ್ಕೆಲ್ಲ ಒಂದೇ ಜಾಗ ಮಾಡಬೇಕು ಅಂತ ಹೇಳುತ್ತ ಹೇಳುತ್ತ ಕಾಲ ತಳ್ಳಿದ್ದೆ. ನಿನ್ನೆ ದಾದರಿನಲ್ಲಿ ಗಾಡಿ ಬದಲಿಸಿ ಗ್ರಾಂಟ್ ರೋಡಿಗೆ ಹೋಗಿ, ಲ್ಯಾಮಿಂಗ್ಟನ್ ರೋಡಿನಿಂದ ಯುಎಸ್‌ಬಿ 3.0 ಕಿಂಡಿ ಇರುವ ರೂಟರ್ ತಂದೇಬಿಟ್ಟೆ.

"ಯುಎಸ್‌ಬಿ ಕೌನ್ ಮಾಂಗ್ತಾ ಹೈ ಆಜ್‌ಕಲ್, ಸಬ್ ಕ್ಲೌಡ್ ಮೇ ಹೈ" ಅಂದ ಅಂಗಡಿಯವನು. ಹಾಗೇ ಇರಬಹುದು. ಆದರೆ ರಾತ್ರಿಯಿಡೀ ನಡೆದ ಯಕ್ಷಗಾನ ಆಟದ ವಿಡಿಯೊಗಳನ್ನು ಕ್ಲೌಡಿಗೆ ಏರಿಸಿ ತಿಂಗಳು ತಿಂಗಳು ಬಾಡಿಗೆ ಕಟ್ಟುವುದು ನಮ್ಮ ಮನೆಯ ಲೆಕ್ಕಕ್ಕೆ ಹೊಂದುವುದಿಲ್ಲ. ಮನೆಯವರೆಲ್ಲ ಫೈಲು ಇಟ್ಟುಕೊಳ್ಳಲೆಂದೇ ಇರುವ, ಎರಡು ಡಿಸ್ಕಿನ ಸರಿಯಾದ ನ್ಯಾಸ್ ಪೆಟ್ಟಿಗೆಯೂ ಸದ್ಯ ಬೇಡ. ಮನೆಯಲ್ಲೇ ಬಿದ್ದಿದ್ದ ಪೋರ್ಟಬಲ್ ಹಾರ್ಡ್‌ಡಿಸ್ಕನ್ನು ರೂಟರಿನ ಬೆನ್ನಿಗೆ ಸಿಕ್ಕಿಸಿದರೆ ಕೆಲಸ ನಡೆಯುತ್ತದೆ.

ಇವತ್ತು ಬೆಳಗಿನಿಂದ ಮಳೆ, ಮೇಲೆ ಹಳಿ ರಿಪೇರಿಗೆಂದು ಲೋಕಲ್ ಗಾಡಿಗಳನ್ನು ನಿಲ್ಲಿಸುವ ಭಾನುವಾರದ ಮೆಗಾಬ್ಲಾಕು. ಡಬ್ಬ ಬಿಚ್ಚಿದೆ.

ನೆಟ್ ಕೇಬಲ್ ಸಿಕ್ಕಿಸುವ ಮೊದಲೇ ಅಡ್ಮಿನ್ ಪಾಸ್‌ವರ್ಡ್ ಬದಲಾಯಿಸಿದೆ. 2016ರಲ್ಲಿ ಮಿರಾಯ್ ಅನ್ನುವ ಕುತಂತ್ರಾಂಶ ಕ್ಯಾಮೆರಾ, ರೂಟರುಗಳನ್ನು ಲಕ್ಷಗಟ್ಟಲೆ ವಶಮಾಡಿಕೊಂಡದ್ದು ಯಾವ ಮಹಾ ಮಾಯೆಯಿಂದಲೂ ಅಲ್ಲ, ಕಾರ್ಖಾನೆಯಿಂದ ಬಂದ ಪಾಸ್‌ವರ್ಡುಗಳ ಒಂದು ಪಟ್ಟಿಯಿಂದ. ಆಮೇಲೆ ರೂಟರಿನ ಒಳಗಿನ ತಂತ್ರಾಂಶದ, ಅಂದರೆ ಫರ್ಮ್‌ವೇರ್ ಅಪ್‌ಡೇಟ್. ಫೈಬರ್ ಪೆಟ್ಟಿಗೆಯದೇ ಒಂದು ವೈಫೈ ಇತ್ತಲ್ಲ, ಅದನ್ನು ಆಫ್ ಮಾಡಿದೆ.

ಆ ಹಳೆಯ ವೈಫೈ ಬಗ್ಗೆ ಒಂದು ಮಾತು. ನೆಟ್ ಹಾಕಲು ಬಂದ ಹುಡುಗ ನನ್ನ ಮೊಬೈಲ್ ನಂಬರನ್ನೇ ಪಾಸ್‌ವರ್ಡ್ ಮಾಡಿ ಹೋಗಿದ್ದ. "ಅಂಕಲ್, ಮರೆಯೋದೇ ಇಲ್ಲ" ಅಂತ ಸಮಜಾಯಿಷಿ ಬೇರೆ. ನಮ್ಮ ವಿಂಗಿನಲ್ಲಿ ಬಹುಪಾಲು ಮನೆಗಳಿಗೂ ಅವನದೇ ಕೈಚಳಕ. ಮೊಬೈಲ್ ನಂಬರ್ 6, 7, 8, 9ರಲ್ಲಿ ಒಂದರಿಂದ ಶುರುವಾಗುವ ಹತ್ತಂಕಿ. ಅಂದರೆ ಹೆಚ್ಚೆಂದರೆ 400 ಕೋಟಿ ಸಾಧ್ಯತೆ. ಕೇಳಲು ದೊಡ್ಡದು. ಆದರೆ ವೈಫೈಗೆ ಬೀಗ ಹಾಕುವ ಡಬ್ಲ್ಯೂಪಿಎ2 ಪದ್ಧತಿಯಲ್ಲಿ ಫೋನೊಂದು ರೂಟರಿಗೆ ಸೇರಿಕೊಳ್ಳುವಾಗಿನ ಮಾತುಕತೆಯನ್ನು ಹೊರಗಿನಿಂದ ಹಿಡಿದಿಟ್ಟುಕೊಂಡರೆ ಸಾಕು, ಮಿಕ್ಕ ಊಹೆಯನ್ನೆಲ್ಲ ಮನೆಗೆ ಹೋಗಿ ನಿಧಾನವಾಗಿ ಮಾಡಬಹುದು. ರೂಟರಿಗೆ ಸುಳಿವೂ ಸಿಗುವುದಿಲ್ಲ. ಗೇಮ್ ಆಡುವ ಹುಡುಗರ ದುಬಾರಿ ಗ್ರಾಫಿಕ್ಸ್ ಕಾರ್ಡಿಗೆ ಈ 400 ಕೋಟಿ ಒಂದು ರಾತ್ರಿಯ ಕೆಲಸವೂ ಅಲ್ಲ. ಅಷ್ಟಾದರೂ ಯಾಕೆ, ನನ್ನ ನಂಬರ್ ಸೊಸೈಟಿ ನೋಟಿಸ್ ಬೋರ್ಡಿನ ಮೇಲೆಯೇ ಇದೆ.

2018ರಲ್ಲಿ ಬಂದ ಡಬ್ಲ್ಯೂಪಿಎ3 ಈ ಮನೆಗೆ ಒಯ್ದು ಊಹಿಸುವ ಆಟವನ್ನು ಮುಚ್ಚುತ್ತದೆ. ನಮ್ಮ ಪ್ರಿಂಟರಿಗೆ ಅದು ಅರ್ಥವಾಗುವುದಿಲ್ಲ. ಹಾಗಾಗಿ ಎರಡೂ ಸೇರಿದ ಮಿಶ್ರ ವಿಧಾನ, ಜೊತೆಗೆ ಉದ್ದದ ಪಾಸ್‌ವರ್ಡ್. 63 ಅಕ್ಷರದವರೆಗೆ ಜಾಗವಿದೆ. ಜನ ಎಂಟಕ್ಕೇ ಸುಸ್ತಾಗುತ್ತಾರೆ. ಒಂದಕ್ಕೊಂದು ಸಂಬಂಧವಿಲ್ಲದ ಐದು ಕನ್ನಡ ಪದಗಳನ್ನು ಇಂಗ್ಲಿಷ್ ಲಿಪಿಯಲ್ಲಿ ಪೋಣಿಸಿದೆ. ಒಂದು ಅಡುಗೆಮನೆಯದು, ಒಂದು ಹೊಲದ್ದು, ಒಂದು ಮಾವನವರ ಬೈಗುಳ. ಹೆಂಡತಿ ಒಮ್ಮೆ ಕೇಳಿ ನಕ್ಕಳು, ಇನ್ನು ಮರೆಯುವುದಿಲ್ಲ.

ನೆಟ್‌ವರ್ಕಿನ ಹೆಸರನ್ನು ಮಾತ್ರ ಕನ್ನಡ ಲಿಪಿಯಲ್ಲೇ ಇಡಬೇಕೆಂಬ ಆಸೆ. ಇಡಬಹುದು, ಆದರೆ ಜಾಗ ಕಡಿಮೆ. ಹೆಸರಿಗೆ ಸಿಗುವುದು 32 ಬೈಟ್. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕು. ಕನ್ನಡದಲ್ಲಿ ಪ್ರತಿ ಮೂಲಾಕ್ಷರಕ್ಕೂ ಮೂರು, ಕೊಂಬು, ಗುಡಿಸು, ವಿರಾಮಕ್ಕೂ ಬೇರೆ ಬೇರೆ ಮೂರು ಮೂರು. "ನಮ್ಮ ಮನೆ" ಅಂದರೆ ಖಾಲಿ ಜಾಗ ಸೇರಿ 22. ಅದರ ಮುಂದೆ "ಡೊಂಬಿವಲಿ" ಸೇರಿಸಹೋದರೆ ಅದಕ್ಕೇ 24 ಬೇಕು, ರೂಟರ್ ಒಪ್ಪಲಿಲ್ಲ. "ನಮ್ಮ ಮನೆ"ಯೇ ನಿಂತಿತು. ಪ್ರಿಂಟರಿನ ಪುಟ್ಟ ಪರದೆಯಲ್ಲಿ ಅದು ಚೌಕಗಳ ಸಾಲಾಗಿ ಕಾಣುತ್ತದೆ, ಆದರೂ ಸೇರಿಕೊಳ್ಳುತ್ತದೆ.

ಪಾಸ್‌ವರ್ಡ್ ಬದಲು ಗುಂಡಿ ಒತ್ತಿ ಅಥವಾ ಪಿನ್ ಕೊಟ್ಟು ವೈಫೈ ಸೇರಿಸುವ ಡಬ್ಲ್ಯೂಪಿಎಸ್ ಆಫ್ ಮಾಡಿದೆ. ಎಂಟಂಕಿಯ ಪಿನ್ ಅಂತ ಧೈರ್ಯವಾಗಿರುವವರು ಕೇಳಿ: ಕೊನೆಯ ಅಂಕಿ ಬರೀ ತಾಳೆ ನೋಡಲು ಇರುವುದು, ಉಳಿದ ಏಳನ್ನೂ ರೂಟರ್ ಎರಡು ತುಂಡಾಗಿ ಪರೀಕ್ಷಿಸುತ್ತದೆ. ಮೊದಲ ನಾಲ್ಕು ಸರಿಯೋ ತಪ್ಪೋ ಅಂತ ತಾನೇ ಬಾಯಿಬಿಡುತ್ತದೆ. ಕೋಟಿ ಆಗಬೇಕಿದ್ದ ಲೆಕ್ಕ 10,000 ಮತ್ತು 1,000 ಸೇರಿ 11,000ಕ್ಕೆ ಇಳಿಯುತ್ತದೆ. ಇದು ಜಗಜ್ಜಾಹೀರಾದದ್ದು 2011ರ ಡಿಸೆಂಬರಿನಲ್ಲಿ. ಇವತ್ತಿಗೂ ಹಲವು ರೂಟರುಗಳಲ್ಲಿ ಆನ್ ಇದ್ದೇ ಬರುತ್ತದೆ.

ನಮ್ಮ ಕಡೆಯವರಿಗೆ ವೈಫೈ ಭದ್ರತೆಯ ಪಾಠ ಕಲಿಸಿದ್ದು ಪುಸ್ತಕವಲ್ಲ, ಸಾನ್‌ಪಾಡಾ. 2008ರ ಜುಲೈ 26ರಂದು ಅಹ್ಮದಾಬಾದ್ ಸ್ಫೋಟಗಳಿಗೆ ಸ್ವಲ್ಪ ಮೊದಲು ಸುದ್ದಿವಾಹಿನಿಗಳಿಗೆ ಬಂದ ಇ-ಮೇಲ್‌ನ ಜಾಡು ಹಿಡಿದು ಪೊಲೀಸರು ಹೋಗಿ ನಿಂತದ್ದು ನವಿ ಮುಂಬಯಿಯ ಸಾನ್‌ಪಾಡಾದ ಒಂದು ಫ್ಲ್ಯಾಟಿನ ಬಾಗಿಲಲ್ಲಿ. ಅಲ್ಲಿದ್ದವನಿಗೂ ಅದಕ್ಕೂ ಸಂಬಂಧವಿಲ್ಲ. ಅವನ ವೈಫೈಗೆ ಬೀಗವಿರಲಿಲ್ಲ, ಅಷ್ಟೆ. 2009ರ ಜನವರಿಯಲ್ಲಿ ಮುಂಬಯಿ ಪೊಲೀಸರು ಬೀಗವಿಲ್ಲದ ವೈಫೈ ಹುಡುಕಿಕೊಂಡು ಬೀದಿಗಿಳಿದರು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ. ಆಗ ಭಯವಿದ್ದದ್ದು ನಮ್ಮ ನೆಟ್ಟನ್ನು ಹೊರಗಿನವನು ಬಳಸಿಬಿಟ್ಟಾನು ಅಂತ. ಡಿಸ್ಕ್ ಸಿಕ್ಕಿಸಿದ ಮೇಲೆ ಪ್ರಶ್ನೆಯೇ ಬೇರೆ: ಒಳಗೆ ಬಂದವರಿಗೆ ಏನೇನು ಕಾಣುತ್ತದೆ?

ಮಧ್ಯಾಹ್ನ ಅದನ್ನೇ ಪರೀಕ್ಷಿಸಿದೆ. ಡಿಸ್ಕನ್ನು ಮೊದಲು ಎನ್‌ಟಿಎಫ್‌ಎಸ್‌ಗೆ ಫಾರ್ಮ್ಯಾಟ್ ಮಾಡಿಕೊಂಡೆ. ಹಳೆಯ ಫ್ಯಾಟ್32 ವಿಧಾನದಲ್ಲಿ 4 ಜಿಬಿ ಮೀರಿದ ಫೈಲು ಕೂರುವುದಿಲ್ಲ, ಇಡೀ ರಾತ್ರಿಯ ಆಟದ ವಿಡಿಯೊ ಅದನ್ನು ಎಂದೋ ಮೀರಿದೆ. ಸಿಕ್ಕಿಸಿದ ಕೂಡಲೇ ಹಸಿರು ದೀಪ ಹತ್ತಿತು, "ಶೇರಿಂಗ್: ಆನ್" ಅಂತ ರೂಟರಿನ ಪುಟ ತಾನಾಗಿಯೇ ಹೇಳಿತು. ಮಗಳ ಫೋನು ತೆಗೆದುಕೊಂಡು ಫೈಲ್ ಮ್ಯಾನೇಜರಿನಲ್ಲಿ ರೂಟರಿನ ವಿಳಾಸ ಕೊಟ್ಟೆ. ಹೆಸರು ಕೇಳಲಿಲ್ಲ, ಪಾಸ್‌ವರ್ಡ್ ಕೇಳಲಿಲ್ಲ. "ಮನೆ ಕಾಗದಪತ್ರ" ಫೋಲ್ಡರು ಬಾಯಿ ತೆರೆದುಕೊಂಡು ನಿಂತಿತ್ತು. ಅವಳು ಸುಮ್ಮನಿರದೆ ನನ್ನ ಪ್ಯಾನ್ ಕಾರ್ಡಿನ ಫೋಟೊ ತೆರೆದು "ಪಪ್ಪಾ, ಇಲ್ಲಿ ಕಳ್ಳನ ಹಾಗೆ ಕಾಣ್ತೀರಿ" ಅಂದಳು. ಅಳಿಸುವ ಆಯ್ಕೆಯೂ ಅವಳ ಬೆರಳ ಕೆಳಗೇ ಇತ್ತು.

ನಮ್ಮ ಹಳೆಯ ವೈಫೈ ಪಾಸ್‌ವರ್ಡ್ ಯಾರಿಗೆಲ್ಲ ಗೊತ್ತಿತ್ತು ಅಂತ ಕೂತು ಯೋಚಿಸಿದರೆ: ಟ್ಯೂಷನ್ನಿನ ಹತ್ತನೇ ಕ್ಲಾಸಿನ ಪಡೆ, ಊರಿನಿಂದ ಇಂಟರ್‌ವ್ಯೂಗೆ ಬಂದು ವಾರ ಕಳೆದುಹೋದ ಸೋದರಳಿಯ, ಎದುರು ಮನೆಯ ಮಾವಶಿ (ಅವರ ನೆಟ್ ಹೋದಾಗ), ಏಸಿ ರಿಪೇರಿಯವನು ಕೂಡ. ಇವರಲ್ಲಿ ಯಾರೂ ಕೆಟ್ಟವರಲ್ಲ. ಅವರ ಫೋನುಗಳಲ್ಲಿ ಏನೇನು ಆ್ಯಪ್ ಕೂತಿದೆಯೋ, ಅದು ನನಗೂ ಗೊತ್ತಿಲ್ಲ, ಅವರಿಗೂ ಗೊತ್ತಿಲ್ಲ. ಕೇಳಿದವರಿಗೆಲ್ಲ ಕೊಡಬೇಕಾಗುವ ಹೊಸ ಪಾಸ್‌ವರ್ಡೇ ಈಗ ಗೋದ್ರೆಜ್ ಕಪಾಟಿನ ಬೀಗದಕೈಯೂ ಆಯಿತು ಅಂದರೆ ನಿದ್ದೆ ಬರುತ್ತದೆಯೆ?

ಆದ್ದರಿಂದ ಗೆಸ್ಟ್ ನೆಟ್‌ವರ್ಕ್. ಇದರಲ್ಲಿರುವವರಿಗೆ ನೆಟ್ ಮಾತ್ರ ಸಿಗುತ್ತದೆ. ಡಿಸ್ಕು, ಪ್ರಿಂಟರು, ರೂಟರಿನ ಅಡ್ಮಿನ್ ಪುಟ ಯಾವುದೂ ಕಾಣಬಾರದು. "ಲೋಕಲ್ ನೆಟ್‌ವರ್ಕ್ ನೋಡಲು ಬಿಡು" ಅನ್ನುವ ಟಿಕ್ ಗುರುತು ತೆಗೆದಿರಬೇಕು, ಅದೇ ಮುಖ್ಯ. ಆಮೇಲೆ ಗೆಸ್ಟಿನಿಂದಲೇ ಡಿಸ್ಕ್ ತೆರೆಯಲು ಯತ್ನಿಸಿ ನೋಡಬೇಕು. ಪುಟದಲ್ಲಿ ಬರೆದದ್ದನ್ನು ನಂಬಿ ಕೂರಬಾರದು. ಬಾಗಿಲ ಕಡೆ ನೋಡುವ ಕ್ಯಾಮೆರಾವನ್ನೂ ಅಲ್ಲಿಗೇ ತಳ್ಳಿದೆ. ಹೆಸರು ಬಚ್ಚಿಡುವುದು, ಫೋನು ಫೋನಿಗೂ ಬೇರೆಯಾದ ಮ್ಯಾಕ್ ವಿಳಾಸ ನೋಡಿ ಒಳಗೆ ಬಿಡುವ ಪಟ್ಟಿ ಮಾಡುವುದು, ಇವೆರಡನ್ನೂ ಕೈಬಿಟ್ಟೆ. ಆ್ಯಂಡ್ರಾಯ್ಡ್ 10 ಮತ್ತು ಐಒಎಸ್ 14ರಿಂದ ಈಚೆ ಫೋನುಗಳು ತಾವೇ ಮ್ಯಾಕ್ ವಿಳಾಸ ಬದಲಿಸಿಕೊಂಡು ಬರುತ್ತವೆ, ಪಟ್ಟಿ ನೋಡಿಕೊಳ್ಳುವುದೇ ಒಂದು ಉದ್ಯೋಗವಾದೀತು.

ಡಿಸ್ಕಿನ ಒಳಗೂ ಪಾಲು ಮಾಡಿದೆ. ಕಾಗದಪತ್ರ ನನಗೆ ಮತ್ತು ಹೆಂಡತಿಗೆ, ಬೇರೆ ಹೆಸರು, ಬೇರೆ ಪಾಸ್‌ವರ್ಡ್. (ಕೆಲವು ರೂಟರುಗಳಲ್ಲಿ ಅಡ್ಮಿನ್ ಪಾಸ್‌ವರ್ಡೇ ಶೇರಿಗೂ, ಅಂದರೆ ಹಂಚಿದ ಫೋಲ್ಡರಿಗೂ ಅಂತ ಇರುತ್ತದೆ, ಅದನ್ನು ಮೊದಲು ಬಿಡಿಸಬೇಕು.) ಟ್ಯೂಷನ್ ಫೋಲ್ಡರು ಅವಳದು. ಯಕ್ಷಗಾನದ್ದು ಎಲ್ಲರಿಗೂ, ಆದರೆ ಓದಲು ಮಾತ್ರ. ಟಿ.ವಿ.ಗೆ, ಮನೆಯ ನೆಟ್‌ವರ್ಕಿನಲ್ಲಿ ಧ್ವನಿ, ವಿಡಿಯೊ ಹಂಚುವ ಡಿಎಲ್‌ಎನ್‌ಎ ಮೂಲಕ ಕೊಟ್ಟೆ. ಅದಕ್ಕೆ ಪಾಸ್‌ವರ್ಡಿನ ಹಂಗೇ ಇಲ್ಲ, ಹಾಗಾಗಿ ಆ ಒಂದು ಫೋಲ್ಡರು ಬಿಟ್ಟು ಬೇರೇನೂ ಅದರ ಕಣ್ಣಿಗೆ ಬೀಳದಂತೆ ಮಾಡಿದೆ.

ಮಾವನವರ ಹಳೆಯ ಮೀಡಿಯಾ ಪ್ಲೇಯರ್, ಫೈಲು ಹಂಚಿಕೆಯ ಹಳೆಯ ಪದ್ಧತಿಯಾದ ಎಸ್‌ಎಂಬಿ1 ಇಲ್ಲದೆ ನಡೆಯುವುದಿಲ್ಲ ಅಂತ ಹಠ ಹಿಡಿಯಿತು. ರೂಟರಿನಲ್ಲಿ ಅದಕ್ಕೊಂದು ಸ್ವಿಚ್ಚೂ ಇದೆ. ಒತ್ತಲಿಲ್ಲ. 2017ರ ಮೇ 12ರಂದು ಜಗತ್ತಿನಾದ್ಯಂತ ಹಬ್ಬಿ ಫೈಲುಗಳಿಗೆ ಬೀಗ ಹಾಕಿ ಹಣ ಕೇಳಿದ ವಾನಾಕ್ರೈ ನುಗ್ಗಿದ್ದು ವಿಂಡೋಸಿನ ಎಸ್‌ಎಂಬಿ1ರ ತೂತಿನಿಂದಲೇ. ಅದೇ ವರ್ಷದ ಕೊನೆಗೆ ಬಂದ ವಿಂಡೋಸ್ 10ರ ಆವೃತ್ತಿಯಿಂದ ಹೊಸದಾಗಿ ಹಾಕಿಕೊಂಡವರಿಗೆ ಅದು ತಾನಾಗಿ ಬರುವುದಿಲ್ಲ. ರೂಟರುಗಳ ಒಳಗೆ ಫೈಲು ಹಂಚುವ ಕೆಲಸ ಮಾಡುವ ಸಾಂಬಾ ತಂತ್ರಾಂಶಕ್ಕೂ ಅದೇ ಮೇ ತಿಂಗಳಲ್ಲಿ ಬೇರೊಂದು ತೂತಿಗೆ ತೇಪೆ ಬಂತು, 3.5ನೇ ಆವೃತ್ತಿಯಿಂದಲೂ ಇದ್ದ ಆ ತೂತಿಗೆ ಬರೆಯಲು ಬಿಟ್ಟ ಒಂದು ಶೇರ್ ಸಿಕ್ಕರೆ ಸಾಕಿತ್ತು. ಮೀಡಿಯಾ ಪ್ಲೇಯರ್ ನಾಳೆಯಿಂದ ಗುಜರಿ ಕೊಳ್ಳುವ ಭಂಗಾರ್‌ವಾಲಾನ ಪಾಲು. ಮಾವನವರಿಗೆ ಇನ್ನೂ ಹೇಳಿಲ್ಲ.

ಮಗಳು ಮುಂದಿನ ತಿಂಗಳು ಪುಣೆ ಹಾಸ್ಟೆಲಿಗೆ ಹೋಗುತ್ತಾಳೆ, ಅಲ್ಲಿಂದಲೂ ಡಿಸ್ಕ್ ಕಾಣಬೇಕಂತೆ. ರೂಟರಿನ ಪುಟದಲ್ಲಿ "ಎಲ್ಲಿಂದಲಾದರೂ ನೋಡಿ" ಅನ್ನುವ ಬಣ್ಣದ ಗುಂಡಿ ಇದೆ, ಇಂಟರ್ನೆಟ್ಟಿನ ಮೂಲಕ ಫೈಲು ಕಳಿಸುವ ಹಳೆಯ ಎಫ್‌ಟಿಪಿಯೂ ಇದೆ. ಇಲ್ಲ ಅಂದೆ. 2014ರ ಫೆಬ್ರವರಿಯಲ್ಲಿ ಏಸೂಸ್ ರೂಟರುಗಳಿಗೆ ಹಚ್ಚಿದ್ದ 12,900ಕ್ಕೂ ಹೆಚ್ಚು ಡಿಸ್ಕುಗಳೊಳಗೆ ಹೊರಗಿನವರು ಹೊಕ್ಕರು. ನಿಮ್ಮ ಡಿಸ್ಕ್ ಜಗತ್ತಿಗೆಲ್ಲ ತೆರೆದಿದೆ ಅಂತ ಕೆಲವರಿಗೆ ಚೀಟಿ ಫೈಲನ್ನು ಆ ಡಿಸ್ಕಿನಲ್ಲೇ ಇಟ್ಟುಹೋಗಿದ್ದರು. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2016ರಲ್ಲಿ ಕಂಪನಿಯನ್ನು 20 ವರ್ಷಗಳ ಸ್ವತಂತ್ರ ತಪಾಸಣೆಗೆ ಒಪ್ಪಿಸಿತು. ಹೇಗೂ ನಮ್ಮ ಫೈಬರಿನವರು ಕೊಡುವುದು 100.64ರಿಂದ ಶುರುವಾಗುವ ಹಂಚಿಕೆಯ ವಿಳಾಸ, ಹೊರಗಿನಿಂದ ನೇರ ದಾರಿಯೇ ಇಲ್ಲ. ಬೇಕಾದ ಫೈಲು ಕೇಳು, ಕಳಿಸುತ್ತೇನೆ ಅಂದಿದ್ದೇನೆ. ಕೇಳದೆಯೇ ಹೊರಗಿನವರಿಗೆ ದಾರಿ ತೆರೆದುಬಿಡಬಲ್ಲ ಯುಪಿಎನ್‌ಪಿಯನ್ನೂ ಆರಿಸಿದೆ.

ಸಂಜೆ ಒಂದು ತಮಾಷೆ. ಎಲ್ಲ ಆಯಿತು ಅನ್ನುವಾಗ ಪ್ರಿಂಟರ್ ನೆಟ್‌ವರ್ಕಿನಿಂದ ಬಿದ್ದುಹೋಗತೊಡಗಿತು. ಬಿಲ್ಡಿಂಗಿನ ಗದ್ದಲವೇ ಇರಬೇಕು ಅಂದುಕೊಂಡು ನೋಡಿದರೆ ನಿಜಕ್ಕೂ ಪರದೆ ತುಂಬ ಅಕ್ಕಪಕ್ಕದವರ ವೈಫೈಗಳು. 2.4 ಗಿಗಾಹರ್ಟ್ಸಿನಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು 1, 6, 11 ಮಾತ್ರ; ಯಾರೋ ಜಾಣರು 3ರಲ್ಲಿ ಕೂತು ಎರಡೂ ಕಡೆಯವರಿಗೆ ಉಪದ್ರ ಕೊಡುತ್ತಿದ್ದಾರೆ. 11ಕ್ಕೆ ಹೋದರೂ ಪ್ರಿಂಟರ್ ಸುಧಾರಿಸಲಿಲ್ಲ. ಡಿಸ್ಕ್ ಕಿತ್ತರೆ ಸರಿ, ಸಿಕ್ಕಿಸಿದರೆ ಕೈಕೊಡುತ್ತದೆ! ಯುಎಸ್‌ಬಿ 3.0 ಓಡುವಾಗ ಕೇಬಲ್ಲು, ಕನೆಕ್ಟರುಗಳಿಂದ ಹೊರಸೂಸುವ ಗದ್ದಲ ಸರಿಯಾಗಿ 2.4 ಗಿಗಾಹರ್ಟ್ಸಿನ ಮೇಲೇ ಬಂದು ಕೂರುತ್ತದೆ. ಇಂಟೆಲ್ 2012ರಲ್ಲೇ ಇದನ್ನು ಅಳೆದು ಬರೆದಿಟ್ಟಿದೆ. ಡಿಸ್ಕಿನ ಗಿಡ್ಡ ಕೇಬಲ್ ಆಂಟೆನಾಕ್ಕೆ ಅಂಟಿಕೊಂಡೇ ಇತ್ತು. ಉದ್ದ ಕೇಬಲ್ ಹಾಕಿ ಡಿಸ್ಕನ್ನು ಕೆಳಗಿನ ಖಾನೆಗೆ ಇಳಿಸಿದೆ, ಕಿಂಡಿಯನ್ನು ಯುಎಸ್‌ಬಿ 2.0ಕ್ಕೆ ತಗ್ಗಿಸಿದೆ. ವೇಗ ಇಳಿಯಿತು, ನಿಜ. ತಾಳಮದ್ದಳೆಯ ಅರ್ಥಗಾರಿಕೆಗೆ ಅಷ್ಟು ವೇಗ ಯಾಕೆ ಬೇಕು? ಲ್ಯಾಪ್‌ಟಾಪುಗಳು, ಟಿ.ವಿ. 5 ಗಿಗಾಹರ್ಟ್ಸಿನಲ್ಲಿ ನೆಮ್ಮದಿಯಾಗಿವೆ. ಅಡುಗೆಮನೆಯ ಗೋಡೆ ದಾಟಿದರೆ ಮಾತ್ರ ಅದೂ ಸೊರಗುತ್ತದೆ.

ಉಳಿದಿರುವುದು ನಕಲು. ಒಂದೇ ಡಿಸ್ಕು ಎಲ್ಲರಿಗೂ ಸಿಗುವಂತಿದ್ದರೆ ಅದು ಬ್ಯಾಕಪ್ಪಲ್ಲ. ಯಾವುದೋ ಲ್ಯಾಪ್‌ಟಾಪಿಗೆ ವಾನಾಕ್ರೈಯಂಥ ರ‍್ಯಾನ್ಸಮ್‌ವೇರ್ ಹೊಕ್ಕರೆ ಬರೆಯಲು ಬಿಟ್ಟ ಶೇರಿನ ಫೈಲುಗಳಿಗೂ ಬೀಗ ಬೀಳುತ್ತದೆ, ಗುಡುಗು ಸಿಡಿಲಿನ ಕಾಲ ಬೇರೆ. ಇನ್ನೊಂದು ಡಿಸ್ಕಿಗೆ ನಕಲು ಮಾಡಿ ಮುಲುಂಡಿನ ಅಣ್ಣನ ಮನೆಯಲ್ಲಿಡುವುದು ಅಂತಾಗಿದೆ. ಗುರುತಿನ ಕಾಗದಗಳನ್ನು ಮೊದಲು ಸೆವೆನ್-ಜಿಪ್‌ನಲ್ಲಿ ಎಇಎಸ್-256 ಪಾಸ್‌ವರ್ಡ್ ಹಾಕಿ ಕಟ್ಟುತ್ತೇನೆ, ಅಣ್ಣನ ಮಕ್ಕಳು ಡಿಸ್ಕ್ ಕಂಡರೆ ಗೇಮ್ ತುಂಬಿಸುವವರು. ನಕಲು ಈಗ ಓಡುತ್ತಿದೆ, ಯುಎಸ್‌ಬಿ 2.0 ಅಲ್ಲವೆ, ಬೆಳಗಿನವರೆಗೂ ಓಡಲಿ. ನಾಳೆ ಟ್ಯೂಷನ್ನಿನ ಹುಡುಗರು ಬಂದ ಕೂಡಲೇ ಹೊಸ ಪಾಸ್‌ವರ್ಡ್ ಕೇಳುತ್ತಾರೆ, ಗೆಸ್ಟಿನದನ್ನು ಕಾಗದದ ಮೇಲೆ ಬರೆದು ಫ್ರಿಜ್ಜಿಗೆ ಅಂಟಿಸಿದ್ದೇನೆ.